ಐದೂ ಇಪ್ಪತ್ತೈದರ ಬಸ್ಸು ಮತ್ತು ಸ್ಟೆನೊ ಉಚ್ಚೆಂಗೆಮ್ಮ

ಟೈಪ್‌ರೈಟರನ್ನು ಎತ್ತಿಕೊಂಡು ಹೋಗಲು ಸ್ಟೋರಿನಿಂದ ಇಬ್ಬರು ಬಂದಾಗ ಉಚ್ಚೆಂಗೆಮ್ಮ ಅದರ ಧೂಳು ಒರೆಸಿ ಕಳಿಸಿಕೊಟ್ಟಳು.

"'ಇ' ಅಕ್ಷರದ ಕೀಲಿ ಸ್ವಲ್ಪ ಹಿಡ್ಕಂತೈತಿ. ಮುಂದೆ ಯಾರು ತಗಳ್ತಾರೋ ಅವರಿಗೆ ಹೇಳಿಬಿಡ್ರಿ," ಅಂದಳು.

ಅದು ತೊಂಬತ್ತೆಂಟರ ಜೂನ್. ಹರಿಹರದ ಪಕ್ಕದ ಗುತ್ತೂರಿನಲ್ಲಿ ನೀರೆತ್ತುವ ಪಂಪು ತಯಾರಿಸುವ ಆ ಕಾರ್ಖಾನೆಗೆ ಅವಳು ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ಈ ನಡುವೆ ಮೂರು ಜನ ವರ್ಕ್ಸ್ ಮ್ಯಾನೇಜರುಗಳು ಬಂದು ಹೋಗಿದ್ದರು, ನಾಲ್ಕನೆಯವರು ಶಿವಯೋಗಪ್ಪನವರು. ನಾಲ್ವರಿಗೂ ಸ್ಟೆನೊ ಇವಳೇ. ದಾವಣಗೆರೆಯ ವಿದ್ಯಾನಗರದಲ್ಲಿ ಮನೆ. ಗಂಡ ಕರಿಬಸವರಾಜ ಹಾಸ್ಟೆಲುಗಳ ಎದುರಿಗೆ ಝೆರಾಕ್ಸ್ ಮತ್ತು ಎಸ್‌ಟಿಡಿ ಅಂಗಡಿ ಇಟ್ಟಿದ್ದ. ಬೆಳಿಗ್ಗೆ ಏಳೂವರೆಗೆ ಕಂಪನಿಯ ವ್ಯಾನು ಹತ್ತಿದರೆ ಸಂಜೆ ಏಳಕ್ಕೆ ಇಳಿಯುತ್ತಿದ್ದಳು. ಒಮ್ಮೆಯೂ ವ್ಯಾನನ್ನು ಕಾಯಿಸಿದವಳಲ್ಲ.

ಟೈಪ್‌ರೈಟರುಗಳ ಬದಲು ಬಂದ ಕಂಪ್ಯೂಟರುಗಳ ಜೊತೆಗೆ ಬೆಂಗಳೂರಿನಿಂದ ಒಬ್ಬ ಯುವಕ ಬಂದ. ಹದಿನೆಂಟು ಜನ ಆಫೀಸರುಗಳಿಗೆ ಎರಡು ದಿನ ತರಬೇತಿ. ಹೊಸ ಸಾಫ್ಟ್‌ವೇರಿನಲ್ಲಿ ಪತ್ರ ಕಳಿಸಬಹುದು, ಮೀಟಿಂಗಿನ ಸಮಯ ಗೊತ್ತುಮಾಡಬಹುದು, ಒಬ್ಬರು ಇನ್ನೊಬ್ಬರಿಗೆ ಕೆಲಸ ಒಪ್ಪಿಸಿ ಅದು ಎಲ್ಲಿಗೆ ಬಂತೆಂದು ಕೂತಲ್ಲೇ ನೋಡಬಹುದು. ಉಚ್ಚೆಂಗೆಮ್ಮನನ್ನು ತರಬೇತಿಗೆ ಕರೆದಿರಲಿಲ್ಲ. ಚಹಾದ ವ್ಯವಸ್ಥೆ ನೋಡಿ ನಡಾವಳಿ ಬರೆದುಕೊಳ್ಳಲು ಕರೆದಿದ್ದರು. ನಡಾವಳಿ ಅಂದರೆ ಅವಳಿಗೆ ಒಂದೇ ಅರ್ಥ. ಆ ಯುವಕ ಬಾಯಿಬಿಟ್ಟಿದ್ದಷ್ಟನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಇಳಿಸಿದಳು. ಐವತ್ತೆಂಟು ಪುಟವಾಯಿತು. ಊಟದ ನಂತರ ಆಫೀಸರುಗಳು ತೂಕಡಿಸುತ್ತಿದ್ದಾಗ ಅವನು ಹೇಳಿದ್ದೆಲ್ಲ ಆ ಕಾರ್ಖಾನೆಯಲ್ಲಿ ಉಳಿದದ್ದು ಅವಳ ಪುಸ್ತಕದಲ್ಲಿ ಮಾತ್ರ.

ತೂಕಡಿಸಿದವರಿಗೂ ಒಂದು ಸಂಗತಿ ಮಾತ್ರ ಚೆನ್ನಾಗಿ ನೆನಪಿತ್ತು. ತಮಗೆ ಬಂದ ಕೆಲಸವನ್ನು ಬೇರೆಯವರಿಗೆ ದಾಟಿಸಲು ಒಂದು ಬಟನ್ ಇದೆ, ಹೆಸರು ಡೆಲಿಗೇಟ್. ಅದನ್ನು ಒತ್ತಿ ಹೆಸರು ಆರಿಸಿದರೆ ಮುಗಿಯಿತು, ಕೆಲಸ ತಮ್ಮ ಪಟ್ಟಿಯಿಂದ ಮಾಯ. ಕೊಟ್ಟವರ ಪರದೆಯ ಮೇಲೆ ಅದರ ಪಕ್ಕ ಹಸಿರು ಬಾಣವೊಂದು ಮೂಡುತ್ತಿತ್ತು, ಕೆಲಸ ಮುಂದಕ್ಕೆ ಹೋಗಿದೆ ಎಂಬುದಕ್ಕೆ. ಶಿವಯೋಗಪ್ಪನವರು ಬೆಳಿಗ್ಗೆ ಬಂದವರೇ ಕನ್ನಡಕ ಏರಿಸಿಕೊಂಡು ಆ ಬಾಣಗಳನ್ನು ನೋಡಿ, "ಪರವಾಗಿಲ್ರಿ, ಎಲ್ಲ ನಡೀತಾ ಐತೆ," ಎಂದು ಖುಷಿಪಡುತ್ತಿದ್ದರು.

ಅಕ್ಟೋಬರಿನ ಮೊದಲ ವಾರ ಅವರು ಒಂದು ವಾರದ ಕೆಲಸಕ್ಕೆ ಪುಣೆಗೆ ಹೊರಟರು. ಹೊರಡುವ ಮುನ್ನ ಸಾಫ್ಟ್‌ವೇರಿನಲ್ಲಿ ತಮ್ಮ ಖಾತೆ ತೆರೆದು ನೋಡುವ, ತಮ್ಮ ಪರವಾಗಿ ಕೆಲಸ ಒಪ್ಪಿಸುವ ಅಧಿಕಾರವನ್ನು ಉಚ್ಚೆಂಗೆಮ್ಮನಿಗೆ ಕೊಟ್ಟರು. ಅದನ್ನು ಕೊಡುವುದು ಹೇಗೆಂದು ಅವರಿಗೆ ಹೇಳಿಕೊಟ್ಟವಳೂ ಅವಳೇ, ಪುಟ ಮೂವತ್ತೊಂದು ನೋಡಿಕೊಂಡು.

ಅವರು ಹೋದ ಮರುದಿನ ಮಧ್ಯಾಹ್ನ ಕೊಟ್ರವ್ವ ಮೆಟ್ಟಿಲು ಹತ್ತಿ ಬಂದಳು. ಪಂಪಿನ ಬಿಡಿಭಾಗ ಜೋಡಿಸುವ ವಿಭಾಗದಲ್ಲಿ ಇಪ್ಪತ್ತೆರಡು ಜನ ಹೆಂಗಸರಿದ್ದರು, ಎಲ್ಲರೂ ಹೊಳೆಸಾಲಿನ ಹಳ್ಳಿಯವರು. ಅವರ ಪೈಕಿ ಮಾತಿಗೆ ಮುಂದಾಗುವವಳು ಕೊಟ್ರವ್ವ.

"ಅಕ್ಕಾರೆ, ನಮ್ಮ ಬಸ್ಸಿನ ಅರ್ಜಿ ಏನಾತ್ರಿ?"

ಅರ್ಜಿ ಉಚ್ಚೆಂಗೆಮ್ಮನಿಗೆ ನೆನಪಿತ್ತು. ಜುಲೈನಲ್ಲಿ ರೈಲಿನ ವೇಳಾಪಟ್ಟಿ ಬದಲಾದ ಮೇಲೆ ಆ ಹಳ್ಳಿಗಳಿಗೆ ಹೋಗುವ ಖಾಸಗಿ ಬಸ್ಸು ಕೂಡ ಸಮಯ ಬದಲಿಸಿತ್ತು. ಮೊದಲು ಐದೂ ನಲವತ್ತಕ್ಕೆ ಗೇಟಿನ ಮುಂದೆ ನಿಲ್ಲುತ್ತಿದ್ದದ್ದು ಈಗ ಐದೂ ಇಪ್ಪತ್ತೈದಕ್ಕೇ ದಾಟುತ್ತಿತ್ತು. ಇವರ ಕೆಲಸ ಬಿಡುವುದು ಐದೂವರೆಗೆ. ಮುಂದಿನ ಬಸ್ಸು ಏಳಕ್ಕೆ. ಅರ್ಜಿಯನ್ನು ಶಿವಯೋಗಪ್ಪನವರು ಅವತ್ತೇ ಓದಿ, ನೌಕರರ ವಿಷಯ ನೋಡಿಕೊಳ್ಳುವ ಪರ್ಸೊನೆಲ್ ಆಫೀಸರ್ ನಾಗಭೂಷಣನಿಗೆ ಕಂಪ್ಯೂಟರಿನಲ್ಲಿ ಒಪ್ಪಿಸಿದ್ದರು.

"ನಡೀತಾ ಐತೆ ಅಂತ ಐತಿ ನೋಡು," ಎಂದು ಉಚ್ಚೆಂಗೆಮ್ಮ ಪರದೆ ತೋರಿಸಿದಳು. ಹಸಿರು ಬಾಣ ಇತ್ತು.

ಕೊಟ್ರವ್ವ ಬಾಣವನ್ನೂ ನೋಡಿದಳು, ಅವಳ ಮುಖವನ್ನೂ ನೋಡಿದಳು. "ಎಲ್ಲಿ ನಡೀತಾ ಐತ್ರಿ? ಮೂರು ತಿಂಗಳಾತು, ಗೇಟಿನ ಮುಂದೆ ನಿಂತೂ ನಿಂತೂ ನಮ್ಮ ಕಾಲು ಬಿದ್ದೋಗ್ಯಾವು. ಮೊನ್ನೆ ನನ್ನ ಮಗಳು ಬಾಗ್ಲಾಗೇ ಕುಂತು ನಿದ್ದೆ ಹೋಗಿತ್ತು, ಅವ್ವ ಬರ್ಲಿಲ್ಲ ಅಂತ."

ಅವಳು ಹೋದ ಮೇಲೆ ಉಚ್ಚೆಂಗೆಮ್ಮ ಶಾರ್ಟ್‌ಹ್ಯಾಂಡ್ ಪುಸ್ತಕ ತೆಗೆದಳು. ಒಂದು ಕೆಲಸ ಯಾರ ಯಾರ ಕೈ ದಾಟಿದೆ ಎಂದು ತಿಳಿಯುವುದು ಹೇಗೆ? ಪುಟ ನಲವತ್ತನಾಲ್ಕರಲ್ಲಿ ಸಿಕ್ಕಿತು. ಅದರಂತೆ ಮಾಡಿದಾಗ ಪರದೆಯ ಮೇಲೆ ಉದ್ದನೆಯ ಪಟ್ಟಿ ಬಿಚ್ಚಿಕೊಂಡಿತು.

ನಾಗಭೂಷಣ ಅದನ್ನು ಪ್ರೊಡಕ್ಷನ್ ನೋಡಿಕೊಳ್ಳುವ ಬಕ್ಕೇಶನಿಗೆ ದಾಟಿಸಿದ್ದ, ಕೆಲಸದ ಸಮಯದ ವಿಷಯವಲ್ಲವೇ ಎಂದು. ಬಕ್ಕೇಶ ಸೆಕ್ಯುರಿಟಿಗೆ ದಾಟಿಸಿದ್ದ, ಬಸ್ಸು ನಿಲ್ಲುವುದು ಗೇಟಿನ ಹತ್ತಿರ ತಾನೇ. ಸೆಕ್ಯುರಿಟಿಯವರು ಸರಕು ಸಾಗಿಸುವ ಡಿಸ್ಪ್ಯಾಚಿಗೆ, ಗಾಡಿಗಳ ವಿಷಯ ಅವರಿಗೆ ಗೊತ್ತು. ಡಿಸ್ಪ್ಯಾಚಿನವರು ಮತ್ತೆ ನಾಗಭೂಷಣನಿಗೆ, ಹೆಂಗಸರ ವಿಷಯ ಪರ್ಸೊನೆಲ್ಲಿಗೆ ಸೇರಿದ್ದು. ನಾಗಭೂಷಣ ಅದು ತನ್ನ ಕೈಯಿಂದ ಹೋದದ್ದೇ ತಿರುಗಿ ಬಂದಿದೆ ಎಂದು ಗಮನಿಸದೆ, ಎರಡನೇ ಸಲ ಬಕ್ಕೇಶನಿಗೆ ಕಳಿಸಿದ್ದ. ಹೀಗೆ ಮೂರು ಸುತ್ತು ತಿರುಗಿ ಸದ್ಯಕ್ಕೆ ಡಿಸ್ಪ್ಯಾಚಿನಲ್ಲಿ ಕೂತಿತ್ತು. ಒಟ್ಟು ಹನ್ನೊಂದು ಸಲ ಕೈ ಬದಲಾಗಿತ್ತು. ಅರ್ಜಿಯನ್ನು ಒಬ್ಬರೂ ಓದಿದ ಗುರುತು ಇರಲಿಲ್ಲ. ಲಗತ್ತು ತೆರೆದವರ ಸಂಖ್ಯೆ ಸೊನ್ನೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿತ್ತು.

ಉಚ್ಚೆಂಗೆಮ್ಮನಿಗೆ ಮೊದಲು ನಗು ಬಂತು. ಆಮೇಲೆ ಬಾಗಿಲಲ್ಲಿ ನಿದ್ದೆ ಹೋದ ಮಗು ಕಣ್ಣಿಗೆ ಕಟ್ಟಿ ಸಿಟ್ಟು ಬಂತು. ಬರೀ ಸಿಟ್ಟು ಮಾಡಿಕೊಂಡು ಕೂರುವ ಸ್ವಭಾವ ಅವಳದಲ್ಲ. ಪುಣೆಗೆ ಫೋನ್ ಹಚ್ಚಿದಳು. ಶಿವಯೋಗಪ್ಪನವರು ಯಾವುದೋ ಮೀಟಿಂಗಿನ ಮಧ್ಯದಲ್ಲಿದ್ದರು. ಹಿಂದೆ ಗದ್ದಲ.

"ಸರ್, ಆ ಬಸ್ಸಿನ ಅರ್ಜಿ ಯಾರ ಹತ್ರಾನೂ ನಿಂತಿಲ್ರಿ. ಬೇರೆಯವರಿಗೆ ಕೊಡಬೇಕು ಅನಸ್ತದೆ."

"ಯಾರ ಕೈಯಾಗೆ ಆಗತೈತೋ ಅವರಿಗೆ ಕೊಡ್ರಿ ಮೇಡಂ, ನನ್ನನ್ಯಾಕ ಕೇಳ್ತೀರಿ," ಎಂದು ಅವರು ಇಟ್ಟುಬಿಟ್ಟರು.

ಅಷ್ಟು ಸಾಕಾಗಿತ್ತು. ಕೊಟ್ಟ ಕೆಲಸವನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಂಡು ಬೇರೆ ಹೆಸರಿಗೆ ಬರೆಯುವ ವಿಧಾನ ಪುಟ ನಲವತ್ತಾರರಲ್ಲಿತ್ತು. ಮ್ಯಾನೇಜರ ಖಾತೆಯಿಂದಲೇ ಅದನ್ನು ಮಾಡಬೇಕು. ಆ ಅಧಿಕಾರ ಅವಳಲ್ಲಿತ್ತು. ಯಾರ ಕೈಯಲ್ಲಿ ಆಗುತ್ತದೆ ಎಂದು ಹೆಸರುಗಳ ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಎರಡು ಸಲ ನೋಡಿದಳು. ಕೊನೆಗೆ ತನ್ನ ಹೆಸರನ್ನೇ ಆರಿಸಿ, ಮುಗಿಸಬೇಕಾದ ದಿನ ಶುಕ್ರವಾರ ಎಂದು ಹಾಕಿ ಒತ್ತಿದಳು.

ಒತ್ತಿದ ತಕ್ಷಣ ಸಾಫ್ಟ್‌ವೇರು ನಾಲ್ಕೂ ಜನ ಆಫೀಸರುಗಳಿಗೆ 'ಈ ಕೆಲಸವನ್ನು ನಿಮ್ಮಿಂದ ಹಿಂಪಡೆಯಲಾಗಿದೆ' ಎಂದು ಒಂದೊಂದು ಸೂಚನೆ ಕಳಿಸುತ್ತದೆ ಎಂಬುದು ಮಾತ್ರ ಐವತ್ತೆಂಟು ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಐದು ನಿಮಿಷದಲ್ಲಿ ನಾಗಭೂಷಣ ಬಂದ. ಎಸ್.ಎಸ್. ಬಡಾವಣೆಯವನು, ಮೂವತ್ತೈದರ ಪ್ರಾಯ, ಇಸ್ತ್ರಿ ಕೆಡದ ಅಂಗಿ.

"ಏನ್ ಮೇಡಂ, ನನ್ನ ಕೆಲಸಾನೇ ಕಿತ್ಕೊಂಡ್ರಂತೆ?"

"ಕಿತ್ಕೊಳ್ಳಕ್ಕೆ ಅದು ನಿಮ್ಮ ಹತ್ರ ಇರ್ಲಿಲ್ಲ ಅಲ್ರಿ ಸರ್. ಡಿಸ್ಪ್ಯಾಚಿನಾಗಿತ್ತು."

"ಹಂಗಲ್ಲ. ಹಿಂಪಡೆಯಲಾಗಿದೆ ಅಂದ್ರ ಏನರ್ಥ? ನಾಳೆ ಎಂ.ಡಿ. ನೋಡಿದ್ರ ನಾಗಭೂಷಣನ ಕೈಯಾಗೆ ಏನೂ ಆಗಂಗಿಲ್ಲ ಅನ್ಕೊಳ್ಳಲ್ವಾ?"

ಉಚ್ಚೆಂಗೆಮ್ಮ ಕುರ್ಚಿ ತೋರಿಸಿದಳು. "ಕೂಡ್ರಿ ಸರ್. ಒಂದ್ಸಲ ಇದನ್ನ ನೋಡ್ರಿ." ಪಟ್ಟಿ ತೆರೆದು ತೋರಿಸಿದಳು. ನಾಗಭೂಷಣ ತನ್ನ ಹೆಸರನ್ನು ಒಂದು ಸಲ ಓದಿದ, ಎರಡನೇ ಸಲ ಓದಿದ, ಮೂರನೇ ಸಲ ಬಂದಾಗ ಕಿವಿ ಕೆಂಪಾಯಿತು.

"ನನ್ನ ಪಟ್ಟಿಯಾಗೆ ನೂರಾ ನಲವತ್ತು ಕೆಲಸ ಅದಾವ್ರಿ," ಅಂದ, ದನಿ ಇಳಿಸಿ. "ಯಾವುದನ್ನ ಓದಲಿ?"

ಅದೂ ಸುಳ್ಳಲ್ಲ ಎನಿಸಿತು ಅವಳಿಗೆ. ಅವನಿಗೆ ಚಹಾ ತರಿಸಿದಳು.

ಮರುದಿನ ಸಂಜೆ ಉಚ್ಚೆಂಗೆಮ್ಮ ತನ್ನ ವ್ಯಾನು ಬಿಟ್ಟು, ಐದೂ ಇಪ್ಪತ್ತಕ್ಕೆ ಗೇಟಿನ ಹೊರಗೆ ನಿಂತಳು. ಬಸ್ಸು ಹೇಳಿದ ಸಮಯಕ್ಕೆ ಬಂತು. ಕೈ ಮಾಡಿ ಹತ್ತಿದಳು. ಕಂಡಕ್ಟರ್ ಮಕ್ತುಮ್ ಸಾಬ್ ಗಡ್ಡ ನರೆತ ಮನುಷ್ಯ, ಟಿಕೀಟಿನ ಕಟ್ಟಿಗೆ ರಬ್ಬರ್ ಸುತ್ತುತ್ತಾ ಬಂದ.

"ಹತ್ತು ನಿಮಿಷ ತಡ ಮಾಡಿ ಬರಕ್ಕೆ ಆಗಂಗಿಲ್ಲೇನ್ರಿ ಸಾಹೇಬ್ರೆ? ಇಪ್ಪತ್ತೆರಡು ಜನ ನಿಮ್ಮ ಬಸ್ಸಿಗೆ ಕಾಯ್ತಾರೆ."

"ಅಲ್ಲಾ ಅಮ್ಮಾ, ಇಪ್ಪತ್ತೆರಡು ಟಿಕೀಟು ನನಗೇನ್ ಬ್ಯಾಡ ಅಂದೇನಾ?" ಮಕ್ತುಮ್ ಸಾಬ್ ಕಿಟಕಿಯಾಚೆ ಕೈ ತೋರಿಸಿದ. "ಮುಂದೆ ರೈಲ್ವೆ ಗೇಟ್ ಐತೆ ನೋಡ್ರಿ. ಐದೂ ಮೂವತ್ತೈದಕ್ಕೆ ಹಾಕ್ತಾರೆ. ಹಾಕಿದ್ರ ಅರ್ಧ ತಾಸು ಖತಮ್. ಎರಡು ಗಾಡಿ ಹೋಗಾತನ ಎತ್ತಲ್ಲ. ಅದರಾಚೆ ಹಳ್ಳಿಯಾಗೆಲ್ಲ ಶಾಲೆ ಹುಡುಗ್ರು ಕಾಯ್ತಿರ್ತಾವು. ನಿಮ್ಮೋರಿಗೆ ಹತ್ತು ನಿಮಿಷ ಕೊಟ್ರ ಅವರಿಗೆ ಅರ್ಧ ತಾಸು ಹೋಗತೈತಿ. ಹೇಳ್ರಿ, ಏನ್ ಮಾಡ್ಲಿ?"

ಬಸ್ಸು ರೈಲ್ವೆ ಗೇಟು ದಾಟಿದ ಎರಡೇ ನಿಮಿಷಕ್ಕೆ ಹಿಂದೆ ಗಂಟೆ ಬಾರಿಸಿ ಕಂಬ ಇಳಿಯಿತು. ಮುಂದಿನ ನಿಲುಗಡೆಯಲ್ಲಿ ಇಳಿದು, ಟೆಂಪೊ ಹಿಡಿದು ಹರಿಹರಕ್ಕೆ ಬಂದು, ಅಲ್ಲಿಂದ ಬಸ್ಸಿನಲ್ಲಿ ದಾವಣಗೆರೆ ಸೇರುವಷ್ಟರಲ್ಲಿ ಎಂಟಾಯಿತು. ಕರಿಬಸವರಾಜ ಅಂಗಡಿಯಲ್ಲೇ ನಿಂತು ರಸ್ತೆ ನೋಡುತ್ತಿದ್ದ.

"ವ್ಯಾನು ಬಂದು ಒಂದು ತಾಸಾತು. ಎಲ್ಲಿಗೆ ಹೋಗಿದ್ದಿ?"

"ಬಸ್ಸಿನ ಟೈಮ್ ಬದಲಿ ಮಾಡ್ಸಕ್ಕೆ."

"ಆತೇನು?"

"ಇಲ್ಲ. ಆದ್ರ ಯಾಕ ಆಗಲ್ಲ ಅಂತ ಗೊತ್ತಾತು." ಗಂಡ ನಕ್ಕುಬಿಟ್ಟ. ಅವಳೂ ನಕ್ಕಳು. ಹಾಗೆ ಮನೆಯವರೆಗೆ ನಡೆದು ಹೋಗುತ್ತಾ ಖಾರ ಮಂಡಕ್ಕಿ ಕಟ್ಟಿಸಿಕೊಂಡರು. ಅವತ್ತು ಅಡುಗೆಯ ಗೊಡವೆ ಬೇಡವೆಂದು ಇಬ್ಬರೂ ಒಪ್ಪಿದ್ದರು.

ಗುರುವಾರ ಊಟದ ಹೊತ್ತಿಗೆ ಜೋಡಣೆ ವಿಭಾಗಕ್ಕೆ ಹೋಗಿ ಹೆಂಗಸರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬಸ್ಸು ನಿಲ್ಲುವುದಿಲ್ಲ, ಅವರದ್ದೂ ತಪ್ಪಲ್ಲ. ಕೆಲವರು ನಿಟ್ಟುಸಿರುಬಿಟ್ಟರು. ಒಬ್ಬಳು ಡಬ್ಬಿಯ ಮುಚ್ಚಳ ಜೋರಾಗಿ ಹಾಕಿದಳು. ಕೊಟ್ರವ್ವ ಮಾತ್ರ ರೊಟ್ಟಿ ಅಗಿಯುತ್ತಾ, "ಹಂಗಾರ ಕೆಲಸಾನೇ ಒಂದೀಟು ಮೊದ್ಲು ಬಿಟ್ರ ಆತಲ್ರಿ," ಅಂದಳು.

"ಎಂಟು ತಾಸಿನ ಕೆಲಸ ಪೂರಾ ಆಗಬೇಕಲ್ಲ ಕೊಟ್ರವ್ವ."

"ಆಗತೈತಿ. ಮುಂಜಾನೆ ಬಸ್ಸು ನಮ್ಮನ್ನ ಎಂಟಕ್ಕೇ ಇಳಿಸ್ತೈತಿ. ಎಂಟೂವರೆ ಮಟ ಬೇವಿನ ಗಿಡದ ಕೆಳಗೆ ಕುಂತು ನಾವು ಏನ್ ಮಾಡ್ತೀವಿ? ಅವರಿವರ ಸುದ್ದಿ ಆಡ್ತೀವಿ. ಕಾಲು ತಾಸು ಮೊದ್ಲು ಒಳಗೆ ಬಿಟ್ರ, ಕಾಲು ತಾಸು ಮೊದ್ಲು ಹೊರಗೆ ಹೋಗ್ತೀವಿ."

ಉಚ್ಚೆಂಗೆಮ್ಮ ಅವಳನ್ನೇ ನೋಡಿದಳು. "ಇದನ್ನ ಅರ್ಜಿಯಾಗೆ ಯಾಕ ಬರೀಲಿಲ್ಲ?"

"ಬರೆಸಿದ್ವಲ್ರಿ. ಕೊನೇ ಸಾಲಿನಾಗೆ."

ಹೋಗಿ ತೆಗೆದು ನೋಡಿದಳು. ಕೊನೆಯ ಸಾಲಿನಲ್ಲಿತ್ತು. ಅರ್ಜಿಯನ್ನು ಜುಲೈನಲ್ಲಿ ಕಂಪ್ಯೂಟರಿಗೆ ಟೈಪು ಮಾಡಿ ಸೇರಿಸಿದವಳು ತಾನೇ. ಬೆರಳು ಟೈಪು ಮಾಡಿತ್ತು, ತಲೆ ಓದಿರಲಿಲ್ಲ. ಆ ಮಧ್ಯಾಹ್ನ ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ.

ಈಗ ಕೆಲಸ ಮೂರು ತುಂಡಾಗಿ ನಿಚ್ಚಳವಾಗಿ ಕಾಣುತ್ತಿತ್ತು. ಆ ವಿಭಾಗದ ಬಾಗಿಲು ಕಾಲು ತಾಸು ಮೊದಲು ತೆರೆಯಬೇಕು, ಅದು ಸೆಕ್ಯುರಿಟಿಯದು. ಆ ಹೊತ್ತಿಗೆ ಕರೆಂಟು ಮತ್ತು ಬಿಡಿಭಾಗ ಸಿದ್ಧವಿರಬೇಕು, ಅದು ಬಕ್ಕೇಶನದು. ಸಮಯ ಬದಲಾದ ಬಗ್ಗೆ ನೋಟೀಸು ಹಾಕಿ ಕಾರ್ಖಾನೆ ಇನ್‌ಸ್ಪೆಕ್ಟರಿಗೆ ತಿಳಿಸಬೇಕು, ಅದು ನಾಗಭೂಷಣನದು. ಮೂವರಿಗೂ ಒಂದೊಂದನ್ನು ಬಿಡಿಬಿಡಿಯಾಗಿ ಬರೆದು ಹೊಸದಾಗಿ ಒಪ್ಪಿಸಿದಳು. ಜೊತೆಗೆ ಪುಟ ನಲವತ್ತೇಳರಲ್ಲಿದ್ದ ಇನ್ನೊಂದನ್ನೂ ಮಾಡಿದಳು: ಪಡೆದವರು ಮತ್ತೆ ಬೇರೆಯವರಿಗೆ ದಾಟಿಸದಂತೆ ತಡೆಯುವ ಒಂದು ಚಿಕ್ಕ ಚೌಕ, ಅದಕ್ಕೆ ಗುರುತು ಹಾಕಿದಳು.

ಅರ್ಧ ತಾಸಿನ ಮೇಲೆ ಬಕ್ಕೇಶ ಮೆಟ್ಟಿಲು ಹತ್ತಿ ಬಂದ. ದಪ್ಪ ಆಳು, ಏದುಸಿರು ಬಿಡುತ್ತಿದ್ದ.

"ಮೇಡಂ, ನನ್ನ ಕಂಪ್ಯೂಟರ್ ಕೆಟ್ಟೈತ್ರಿ. ಡೆಲಿಗೇಟ್ ಒತ್ತಿದ್ರ ಒತ್ತಂಗಿಲ್ಲ. ಬೂದಿ ಬಣ್ಣಕ್ಕೆ ತಿರುಗೈತಿ."

"ಕೆಟ್ಟಿಲ್ರಿ ಸರ್. ಆ ಒಂದು ಕೆಲಸಕ್ಕಷ್ಟೇ ಹಂಗೆ. ಅದು ನಿಮ್ಮಿಂದ್ಲೇ ಆಗೋದು."

ಬಕ್ಕೇಶ ಕರವಸ್ತ್ರದಿಂದ ಕತ್ತು ಒರೆಸಿಕೊಂಡ. "ಏನು ಕೆಲಸ ಅದು?"

ಅವಳು ಬಾಯಲ್ಲಿ ಹೇಳಿದಳು. ಎರಡು ನಿಮಿಷವೂ ಹಿಡಿಯಲಿಲ್ಲ.

"ಇಷ್ಟೇನಾ? ಹಿಂದಿನ ದಿನಾನೇ ಬಿಡಿಭಾಗ ಟ್ರೇಗೆ ಹಾಕಿ ಇಟ್ರ ಆತು. ಇದಕ್ಯಾಕ ಮೂರು ತಿಂಗಳು?"

ಮೆಟ್ಟಿಲು ಇಳಿಯುತ್ತಾ ಅವನೇ ಒಂದು ಕ್ಷಣ ನಿಂತು, ಏನೋ ಲೆಕ್ಕ ಹಾಕಿದವನಂತೆ ತಲೆ ಕೆರೆದುಕೊಂಡು ಹೋದ. ಸೆಕ್ಯುರಿಟಿಯವರು ಸಂಜೆಗೇ ಒಪ್ಪಿದರು. ನಾಗಭೂಷಣ ಶುಕ್ರವಾರ ನೋಟೀಸಿನ ಕರಡು ತಂದ. ಕನ್ನಡದಲ್ಲಿ ಬರೆದಿದ್ದ, ಹೆಂಗಸರಿಗೆ ತಿಳಿಯುವ ಹಾಗೆ. ಚೆನ್ನಾಗಿತ್ತು. ಒಂದಕ್ಷರವನ್ನೂ ತಿದ್ದದೆ ಟೈಪು ಮಾಡಿಕೊಟ್ಟಳು.

ಸೋಮವಾರ ಶಿವಯೋಗಪ್ಪನವರು ಪುಣೆಯಿಂದ ವಾಪಸು ಬಂದರು. ಅವರು ಬರುವ ಮೊದಲೇ ಡಿಸ್ಪ್ಯಾಚಿನವರ ದೂರು ಅವರ ಕಂಪ್ಯೂಟರಿನ ಅಂಚೆಪೆಟ್ಟಿಗೆಯಲ್ಲಿ ಕೂತಿತ್ತು: ಸ್ಟೆನೊ ಆಫೀಸರುಗಳ ಕೆಲಸವನ್ನು ಮರುಹಂಚಿಕೆ ಮಾಡಿದ್ದಾರೆ, ಇದು ಯಾವ ನಿಯಮದಡಿ? ಅವರು ಅವಳನ್ನು ಒಳಗೆ ಕರೆದರು. ಶಾರ್ಟ್‌ಹ್ಯಾಂಡ್ ಪುಸ್ತಕ ಹಿಡಿದೇ ಅವಳು ಒಳಗೆ ಹೋದಳು.

"ನಾನು ಹೇಳಿದ್ನಾ ಹಂಗೆ ಮಾಡ್ರಿ ಅಂತ?"

"ಯಾರ ಕೈಯಾಗೆ ಆಗತೈತೋ ಅವರಿಗೆ ಕೊಡ್ರಿ ಅಂದ್ರಿ ಸರ್. ಆರನೇ ತಾರೀಖು, ಮಧ್ಯಾಹ್ನ ಮೂರೂ ಹತ್ತಕ್ಕೆ." ಶಾರ್ಟ್‌ಹ್ಯಾಂಡಿನಲ್ಲಿ ಬರೆದಿಟ್ಟುಕೊಂಡಿದ್ದಳು.

ಅವರು ಕನ್ನಡಕ ತೆಗೆದಿಟ್ಟು, "ನಾನು ಕೊಟ್ಟದ್ರಾಗೆ ಹಿಂಗೆ ತಿರುಗ್ತಾ ಇರೋವು ಇನ್ನೂ ಅದಾವೇನು?" ಎಂದು ಕೇಳಿದರು.

ಪ್ರಿಂಟರು ಕಿರ್ರೆನ್ನುತ್ತಾ ಮೂರು ಮಾರು ಕಾಗದ ಹೊರಹಾಕಿತು. ನಲವತ್ತೊಂದು ಕೆಲಸ. ಶಿವಯೋಗಪ್ಪನವರು ಕಾಗದವನ್ನು ಮೇಜಿನ ಮೇಲಿಂದ ನೆಲದವರೆಗೆ ಹಾಸಿಕೊಂಡು ಓದುತ್ತಾ ಹೋದರು. ಇಪ್ಪತ್ತಾರನೆಯದಕ್ಕೆ ಬಂದು ನಿಂತರು. ಅದು ಅವರದೇ ಕುರ್ಚಿಯ ಮುರಿದ ಗಾಲಿ ಸರಿಮಾಡಿಸುವ ಕೆಲಸ. ಏಳು ಜನರನ್ನು ದಾಟಿ ಕ್ಯಾಂಟೀನಿನ ಮೇಲ್ವಿಚಾರಕನ ಹತ್ತಿರ ಇತ್ತು. ಅವರು ಒಂದು ಕಡೆಗೆ ವಾಲಿದ ಅದೇ ಕುರ್ಚಿಯಲ್ಲಿ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಶನಿವಾರ ಎಲ್ಲಾರನ್ನೂ ಕರೀರಿ," ಅಂದರು. "ನೀವೂ ಬರ್ರಿ. ಚಹಾ ಬೇರೆಯವರು ನೋಡ್ಕೊಳ್ಳಲಿ."

ಆ ಶನಿವಾರ ನಲವತ್ತೊಂದು ಕೆಲಸವನ್ನೂ ಒಂದೊಂದಾಗಿ ಉಚ್ಚೆಂಗೆಮ್ಮ ಓದಿದಳು. ಪ್ರತಿಯೊಂದಕ್ಕೂ ಇದು ಯಾರಿಂದ ಆಗುತ್ತದೆ ಎಂದು ಎದುರುಬದುರು ಕೂತು ಮಾತಾಡಿ, ಅಲ್ಲೇ ಹೆಸರು ಬದಲಿಸಿದರು. ಒಂಬತ್ತು ಕೆಲಸ ಯಾರಿಗೂ ಬೇಡದವು ಎಂದು ಗೊತ್ತಾಗಿ ಅಳಿಸಿಹಾಕಿದರು. ಕುರ್ಚಿಯ ಗಾಲಿಯನ್ನು ಬಕ್ಕೇಶ ಕೇಳದೆಯೇ ಒಪ್ಪಿಕೊಂಡ. ಅಂದಿನಿಂದ ಒಂದು ನಿಯಮವಾಯಿತು: ಒಂದು ಕೆಲಸವನ್ನು ಒಮ್ಮೆ ಮಾತ್ರ ದಾಟಿಸಬಹುದು. ಎರಡನೇ ಸಲ ದಾಟಿಸಬೇಕೆಂದರೆ ಎದ್ದು ಹೋಗಿ ಪಡೆಯುವವರ ಮುಂದೆ ನಿಂತು ಹೇಳಬೇಕು.

ಹೊಸ ಸಮಯ ನವೆಂಬರ್ ಎರಡರಿಂದ ಜಾರಿಗೆ ಬಂತು. ಮೊದಲ ದಿನ ಐದೂ ಹದಿನೈದಕ್ಕೆ ಇಪ್ಪತ್ತೆರಡು ಜನ ಸೀರೆ ಝಾಡಿಸಿಕೊಂಡು ಹೊರಗೆ ಬಂದರು. ನೋಡಬೇಕೆಂದು ಉಚ್ಚೆಂಗೆಮ್ಮನೂ ಗೇಟಿಗೆ ಇಳಿದು ಬಂದಿದ್ದಳು. ಐದೂ ಇಪ್ಪತ್ತೈದಾಯಿತು, ಬಸ್ಸಿಲ್ಲ. ಐದೂವರೆಯಾಯಿತು, ಬಸ್ಸಿಲ್ಲ. ಒಬ್ಬೊಬ್ಬರಾಗಿ ಅವಳ ಮುಖ ನೋಡತೊಡಗಿದರು. ಆರು ಗಂಟೆಗೆ ಬಸ್ಸು ಬಂದು ನಿಂತಾಗ ಮಕ್ತುಮ್ ಸಾಬ್ ಫುಟ್‌ಬೋರ್ಡಿನಿಂದಲೇ ಕೈ ಮುಗಿದ.

"ಪಂಚರ್ ಆತು ಅಮ್ಮಾ! ಮೂರು ವರ್ಷದಾಗೆ ಇವತ್ತೇ ಫಸ್ಟು, ಖುದಾ ಕಸಮ್!"

ಕೊಟ್ರವ್ವ ಎಲ್ಲರಿಗಿಂತ ಮೊದಲು ನಕ್ಕಳು. ನಗುತ್ತಲೇ ಹತ್ತಿದರು. ಮರುದಿನದಿಂದ ಬಸ್ಸು ಸರಿಯಾಗಿ ಬಂತು, ಹೆಂಗಸರು ಬೆಳಕಿದ್ದಾಗಲೇ ಮನೆ ಸೇರಿದರು.

ಉಚ್ಚೆಂಗೆಮ್ಮನ ಹುದ್ದೆಯ ಹೆಸರು ಸ್ಟೆನೊ ಎಂದೇ ಉಳಿಯಿತು. ಆದರೆ ಪ್ರತಿ ಶನಿವಾರ ಎಲ್ಲರೂ ಕೂತು ನೋಡುವ ಪಟ್ಟಿ ಅವಳದಾಯಿತು. ಯಾರಾದರೂ ರಜೆ ಹಾಕಿದರೆ, ಬೇರೆ ವಿಭಾಗಕ್ಕೆ ಹೋದರೆ, ಅವರ ಹೆಸರಿನಲ್ಲಿ ಬಿದ್ದ ಕೆಲಸಗಳನ್ನು ಯಾರಿಗೆ ಬರೆಯಬೇಕೆಂದು ಅವಳನ್ನು ಕೇಳುವುದು ರೂಢಿಯಾಯಿತು. ಕೆಲವರು ಮುಖ ಸಿಂಡರಿಸಿದರು, ಡಿಸ್ಪ್ಯಾಚಿನವರು ಬಹಳ ದಿನ ಮಾತು ಬಿಟ್ಟಿದ್ದರು. ಅವಳು ಅದನ್ನು ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ತೊಂಬತ್ತೊಂಬತ್ತರ ಡಿಸೆಂಬರಿನಲ್ಲಿ ನಾಗಭೂಷಣನಿಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸ ಸಿಕ್ಕಿತು. ಹೋಗಲು ಹತ್ತು ದಿನ ಇರುವಾಗ ತಾನೇ ಪಟ್ಟಿಯ ಪ್ರಿಂಟು ಹಿಡಿದು ಬಂದು, "ಮೇಡಂ, ಇವನ್ನ ಹಂಚಿಕೊಡೋಣ ಬರ್ರಿ," ಅಂದ. ನೂರಾ ನಲವತ್ತು ಇದ್ದದ್ದು ಈಗ ಇಪ್ಪತ್ತಮೂರು. ಎರಡು ಮಧ್ಯಾಹ್ನ ಕೂತು ಒಂದೊಂದಕ್ಕೂ ಹೆಸರು ಹುಡುಕಿದರು. ಕೊನೆಗೆ ಒಂದು ಉಳಿಯಿತು: ಜೋಡಣೆ ವಿಭಾಗದ ಹದಿನಾಲ್ಕು ಹೆಂಗಸರ ಹೆಸರುಗಳು ದಾಖಲೆಯಲ್ಲಿ ತಪ್ಪಾಗಿ ಬಿದ್ದಿವೆ, ತಿದ್ದಬೇಕು.

ಉಚ್ಚೆಂಗೆಮ್ಮ ಹೆಸರುಗಳ ಪಟ್ಟಿಯ ಮೇಲೆ ಬೆರಳಾಡಿಸುತ್ತಿದ್ದಾಗ ಅವನು ತಡೆದ.

"ಇದನ್ನ ಯಾರಿಗೂ ಕೊಡೋದು ಬ್ಯಾಡ ಬಿಡ್ರಿ. ನಾನೇ ಮುಗಿಸಿ ಹೋಗ್ತೀನಿ."

ಮರುದಿನ ಊಟದ ಹೊತ್ತಿಗೆ ನಾಗಭೂಷಣ ರಿಜಿಸ್ಟರು ಹಿಡಿದು ಜೋಡಣೆ ವಿಭಾಗಕ್ಕೆ ಹೋದ. ಬೆಂಚಿನ ತುದಿಯಲ್ಲಿ ಕೂತು, ಒಬ್ಬೊಬ್ಬರನ್ನೂ ಅವರ ಹೆಸರು ಏನೆಂದು ಕೇಳಿ, ಅವರು ಹೇಳಿದ ಹಾಗೆಯೇ ಬರೆದುಕೊಂಡ.